ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಬಗೆ

ಭೂಮಿ ಹುಣ್ಣಿಮೆ ಬರುವುದು ಆಶ್ವಯುಜ ಮಾಸದಲ್ಲಿ, ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುವಾಗ. ಬಸುರಿ ಭೂಮಿತಾಯಿಗೆ ಅಂದು ಬಯಕೆ ಊಟ. ಸಾಗರ, ಸೊರಬ, ಹೊಸನಗರ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಆ ಊಟ ಹೊತ್ತು ಹೋಗುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಇರಲೇಬೇಕು. ಎಡೆಗೆ ದೊಡ್ಡದೊಂದು, ಸೊಪ್ಪು ತರಕಾರಿ ಬೇಯಿಸಿ ಗದ್ದೆಗೆ ಬೀರುವ ಹಚ್ಚಂಬಲಿಗೆ ಸಣ್ಣದೊಂದು. ವಿಜಯದಶಮಿಗೆ ಕೆಲಸ ಹಿಡಿದರೆ ಹುಣ್ಣಿಮೆಗೆ ಸರಿಹೋಗುತ್ತದೆ. ಬರೆಯುವುದಕ್ಕಿಂತ ಒಣಗಿಸುವುದಕ್ಕೇ ಹೆಚ್ಚು ದಿನ ಬೇಕು.

ಒತ್ತಾಗಿ ಹೆಣೆದ ಬಿದಿರಿನ ಬುಟ್ಟಿಯನ್ನೇ ಆರಿಸಿ. ಹೊಸದಾದರೆ ಸಿಬಿರು ಕೆರೆದು ತೆಗೆಯಿರಿ. ಮೊದಲು ಸಗಣಿ: ಹುಲ್ಲಿನ ನಾರು ಆರಿಸಿ ತೆಗೆದು, ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಹೆಣಿಗೆಯ ಸಂದಿಗಳಿಗೆ ಬೆರಳಿನಿಂದ ಒತ್ತಿ ತುಂಬಿ. ಇದು ನೆರಳಲ್ಲೇ ಪೂರ್ತಿ ಒಣಗಬೇಕು. ಮಳೆ ಇನ್ನೂ ಬಿಡದಿದ್ದರೆ ಒಲೆ ಮೇಲಿನ ಅಟ್ಟದಲ್ಲಿಡಿ. ಉಗುರಿನಿಂದ ಗೀರಿದಾಗ ಪುಡಿ ಉದುರಿದರೆ ಒಣಗಿದೆ, ಗೆರೆ ಬಿದ್ದರೆ ಇನ್ನೂ ಹಸಿ. ಹಸಿ ಸಗಣಿಯ ಮೇಲೆ ಕೆಮ್ಮಣ್ಣು ಬಳಿದರೆ ಒಳಗಿನ ಪದರ ಆಮೇಲೆ ಕುಗ್ಗಿ ಮೇಲಿನದು ಸೀಳುತ್ತದೆ. ಬುಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ, ಚಿತ್ತಾರದಲ್ಲಲ್ಲ.

ಕೆಮ್ಮಣ್ಣನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಮರಳು ಉಳಿದರೆ ಕುಂಚ ತಡವರಿಸುತ್ತದೆ. ಹಾಲಿನಷ್ಟು ತೆಳುವಾಗಿ ಎರಡು ಸಲ ಬಳಿಯಿರಿ, ಒಂದೇ ಸಲಕ್ಕೆ ದಪ್ಪಗೆ ಬೇಡ. ಕೈಗೆ ಬಣ್ಣ ಹತ್ತುತ್ತಿದ್ದರೆ ಎರಡನೆಯ ಸಲಕ್ಕೆ ಸ್ವಲ್ಪ ಅನ್ನದ ಗಂಜಿ ಬೆರೆಸಿ.

ಬಿಳಿಗೆ ಎರಡು ಹಿಡಿ ಬೆಳ್ತಿಗೆ ಅಕ್ಕಿ ಸಾಕು. ನಾಲ್ಕು ಗಂಟೆ ನೆನೆಸಿ, ನೀರು ಕಡಿಮೆ ಹಾಕಿ ಬೆಣ್ಣೆಯಂತೆ ಅರೆದು ಸೋಸಿ. ಬರೆಯುವಾಗ ಬೇಕಾದಷ್ಟೇ ನೀರು ಸೇರಿಸಿಕೊಳ್ಳಿ. ದಪ್ಪವಾದರೆ ಒಣಗಿ ಚಕ್ಕೆ ಏಳುತ್ತದೆ. ಹಸಿಯಿದ್ದಾಗ ಗೆರೆ ಕಾಣುವುದೇ ಇಲ್ಲ, ಆರಿದ ಮೇಲೆ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ಮೇಲೆ ಮತ್ತೊಮ್ಮೆ ತಿದ್ದಿದರೆ ಗೆರೆ ದಪ್ಪಗಾಗಿ ಅಂದ ಕೆಡುತ್ತದೆ. ಹೊಸಬರೆಲ್ಲ ಮಾಡುವುದು ಇದನ್ನೇ. ಮಾರನೆಯ ದಿನಕ್ಕೆ ಹಿಟ್ಟು ಹುಳಿಯುತ್ತದೆ, ದಿನಾ ಹೊಸದು ಅರೆಯಿರಿ.

ಕುಂಚ ಪುಂಡಿ ಗಿಡದ ನಾರಿನದು. ಐದಾರು ಎಳೆ ಸೇರಿಸಿ ಬಿದಿರ ಕಡ್ಡಿಗೆ ಬಿಗಿದು, ಎರಡು ಅಂಗುಲ ಇಳಿಬಿಟ್ಟು ತುದಿ ಸಮ ಕತ್ತರಿಸಿ. ತುದಿಯಿಂದ ಗೀಚಬೇಡಿ. ನೆನೆದ ನಾರಿನ ಉದ್ದವನ್ನೇ ಬುಟ್ಟಿಯ ಮೇಲೆ ಮಲಗಿಸಿ ನಿಮ್ಮ ಕಡೆಗೆ ಎಳೆಯಿರಿ. ಹೆಣಿಗೆಯ ಉಬ್ಬು ತಗ್ಗಿನ ಮೇಲೂ ಗೆರೆ ತುಂಡಾಗದೆ ಓಡುತ್ತದೆ. ಅಂಗಡಿಯ ಬ್ರಷ್ಷು ಉಬ್ಬಿನ ಮೇಲಷ್ಟೇ ಬಣ್ಣ ಬಿಡುತ್ತದೆ.

ಕಂಠದ ಕೆಳಗೆ ಮತ್ತು ತಳದ ಮೇಲೆ ಅಂಚಿನ ಗೆರೆ ಮೊದಲು. ಆಮೇಲೆ ದಾರ ಹಿಡಿದು ಸುತ್ತಳತೆಯನ್ನು ಎಂಟು ಪಾಲು ಮಾಡಿ. ಕಣ್ಣಂದಾಜಿನಲ್ಲಿ ಸುತ್ತು ಬಂದರೆ ಕೊನೆಯ ಚೌಕ ಅರ್ಧಕ್ಕೇ ಮುಗಿದುಹೋಗುತ್ತದೆ. ಒಳಗೆ ಭತ್ತದ ಸಸಿ, ಗೊಂಬೆ ಸಾಲು, ಏಣಿ, ಬಂಡಿ. ಭತ್ತದ ಸಸಿಗೆ ನಡುವಿನ ಕಡ್ಡಿ ಎಳೆದು, ಎರಡೂ ಬದಿಗೆ ಬುಡದಿಂದ ಮೇಲಕ್ಕೆ ಗರಿ ಬಿಡಿಸುತ್ತ ಹೋಗಿ. ಗೊಂಬೆಗಳ ಕೈಗೆ ಕೈ ತಾಗಿರಲಿ, ಸಾಲು ಒಡೆಯಬಾರದು. ಕೈ ಹಿಡಿದು ಎತ್ತುವ ಜಾಗದಲ್ಲಿ ಸಣ್ಣ ಚಿತ್ತಾರ ಬೇಡ, ಬೆವರಿಗೆ ಅಳಿಸಿಹೋಗುತ್ತದೆ.

ಅಂಗಡಿಯ ಅಕ್ರಿಲಿಕ್ ಬಣ್ಣ ಗೋಡೆಗೆ ತೂಗುಹಾಕುವ ಬುಟ್ಟಿಗಾದರೆ ಸರಿ, ಎಡೆಯ ಬುಟ್ಟಿಗೆ ಬೇಡ.

ಬಿಸಿ ಕಡುಬು ತುಂಬುವ ಮುಂಚೆ ಒಳಗೆ ಬಾಳೆ ಎಲೆ ಎರಡು ಪದರ ಹಾಸಿ. ಹಬೆ ತಾಗಿದರೆ ಮಣ್ಣು ಒಳಗಿನಿಂದಲೇ ಬಿಡುತ್ತದೆ. ಹಬ್ಬ ಕಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಅಟ್ಟಕ್ಕೆ ಕಟ್ಟಿ, ಕೆಳಗಿಟ್ಟರೆ ಜಿರಲೆ ಅಕ್ಕಿ ಹಿಟ್ಟನ್ನು ನೆಕ್ಕಿಬಿಡುತ್ತದೆ. ಮುಂದಿನ ವರ್ಷ ಹಳೆ ಚಿತ್ತಾರವನ್ನು ಒದ್ದೆ ಬಟ್ಟೆಯಿಂದ ತೆಗೆದೇ ಕೆಮ್ಮಣ್ಣು ಬಳಿಯಿರಿ.