ಸೊನ್ನೆ ಹಿಡಿದು ನಿಂತವರು

ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಎಲ್ಲರ ಬೆರಳೂ ನೀಲಿ. ಬರೀ ಲೆಕ್ಕ ಬರೆಯುವ ನನ್ನಂಥವರ ಬೆರಳಿಗೂ ಸಂಜೆ ಹೊತ್ತಿಗೆ ಬಣ್ಣ ಹತ್ತಿರುತ್ತದೆ. ಬಳ್ಳಾರಿಯಲ್ಲಿ ಇದನ್ನ ಯಾರೂ ತಿರುಗಿ ನೋಡೋದಿಲ್ಲ. ಆದರೆ ನನ್ನ ಕತ್ತಿನ ಬಲಗಡೆ, ಕಿವಿಯ ಕೆಳಗೆ, ದಿನಾ ಒಂದೇ ಜಾಗದಲ್ಲಿ ಮಣ್ಣು ಹತ್ತಿರುತ್ತಿತ್ತು. ಅದನ್ನ ಗಮನಿಸಿದ್ದು ಕಟಿಂಗ್ ಮಾಸ್ಟರ್ ಒಬ್ಬರೇ.

"ಮೇಡಂ, ಕತ್ತಿಗೆ ಮಣ್ಣು ಹತ್ತೈತ್ರೀ," ಅಂದರು. ಒರೆಸಿಕೊಂಡೆ. ನಾಲ್ಕು ದಿನ ಬಿಟ್ಟು ಮತ್ತೆ, "ಅದೇ ಜಾಗದಾಗ ಹತ್ತೈತಲ್ರೀ, ದಿನಾ ಏನು ಹೊರ್ತೀರಿ?" ಅಂದರು.

ನಾನು ಬಂಡಲ್ ಲೆಕ್ಕದಲ್ಲಿ ಮುಳುಗಿದ್ದೆ. "ಬೆಳಿಗ್ಗೆ ಗುಂಡು ಹಾಕ್ತೀನ್ರೀ" ಅಂದುಬಿಟ್ಟೆ.

ಅವರು ಕತ್ತರಿ ಮಷಿನ್ ಆಫ್ ಮಾಡಿ ನನ್ನನ್ನೇ ನೋಡಿದರು. ಬೆಳಿಗ್ಗೆ ಬೆಳಿಗ್ಗೆ ಗುಂಡು ಹಾಕುವ ಅಕೌಂಟೆಂಟ್ ಅವರಿಗೆ ಮೊದಲ ಸಲ ಸಿಕ್ಕಿರಬೇಕು. ಆಮೇಲೆ ಬಿಡಿಸಿ ಹೇಳಿದೆ. ಕುಡಿಯೋ ಗುಂಡಲ್ಲ, ಎಸೆಯೋ ಗುಂಡು. ಶಾಟ್‌ಪುಟ್. 4 ಕೆಜಿ ಕಬ್ಬಿಣದ್ದು.

ಮೂವತ್ತಾರನೇ ವಯಸ್ಸಿಗೆ ಆಟಕ್ಕೆ ವಾಪಸ್ ಹೋಗಿದ್ದು ಹೇಗೆ, ಮದುವೆಯೇ ಬೇಡ ಅಂತ ಕೂತಿದ್ದವಳು ಮದುವೆ ಆಗಿದ್ದು ಹೇಗೆ ಅಂತ ಕೆಲವರು ಕೇಳಿದ್ದಾರೆ. ಎರಡೂ ಒಂದೇ ಕತೆ, ಬೇರೆ ಮಾಡಿ ಹೇಳೋಕೆ ನನಗೆ ಬರೋದಿಲ್ಲ.

ಶುರು ಆಗಿದ್ದು 1999ರಲ್ಲಿ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ನಮ್ಮ ಊರಲ್ಲಿ ಎದುರಾಬದುರಾ ಚುನಾವಣೆಗೆ ನಿಂತ ವರ್ಷ. ಊರೆಲ್ಲ ಅವರ ಹಿಂದೆ ಓಡುತ್ತಿತ್ತು, ನಾನು ಎಂಟನೇ ಕ್ಲಾಸು. ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ, ಎಲ್ಲರಿಗಿಂತ ದಪ್ಪ. ಡ್ರಿಲ್ ಸರ್ ನನ್ನನ್ನ ಮೇಲಿಂದ ಕೆಳಗೆ ಒಮ್ಮೆ ನೋಡಿ, "ನೀನು ಕೊಕ್ಕೋ ಬಿಡವಾ, ಇಲ್ಲಿ ಬಾ" ಅಂತ ಕೈಗೆ ಗುಂಡು ಕೊಟ್ಟರು. ಅಲ್ಲಿಯ ತನಕ ನನ್ನ ಮೈ ಯಾವುದಕ್ಕಾದರೂ ಸರಿಹೊಂದುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮುಂದಿನ ವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿಗೆ ಕಂಚು ಬಂತು, ಭಾರ ಎತ್ತುವುದರಲ್ಲಿ. ಒಲಿಂಪಿಕ್ಸ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಣ್ಣುಮಗಳು. ಪೇಪರಿನ ಫೋಟೊ ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಅಮ್ಮ ಅದನ್ನ ತುಂಬಾ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: "ಈಕಿಗೆ ಮದುವಿ ಆಗೈತೇನು?" ಆಗಿತ್ತು. ಡ್ರಿಲ್ ಸರ್‌ನ ಕೇಳಿಕೊಂಡು ಬಂದು ಹೇಳಿದೆ. ಅಮ್ಮನಿಗೆ ಸಮಾಧಾನ ಆಯ್ತು.

ಪಿಯುಸಿಯಲ್ಲಿ ಬಿಟ್ಟೆ. ಕಾರಣ ಏನೂ ದೊಡ್ಡದಲ್ಲ, ಕೇಳಿದರೆ ನಗು ಬರುತ್ತದೆ. ಕಾಲೇಜಿನ ಕ್ರೀಡಾಕೂಟದಲ್ಲಿ ನಾನು ಸರ್ಕಲ್ಲಿಗೆ ಇಳಿದಾಗ ಹಿಂದಿನಿಂದ ಯಾರೋ "ಗುಂಡಮ್ಮ ಗುಂಡು ಎಸಿತಾಳ್ರೋ" ಅಂತ ಕೂಗಿದರು. ನೂರಾರು ಜನ ನಕ್ಕರು. ಆವತ್ತು ನಾನು ಫಸ್ಟ್ ಬಂದೆ, ಅದೇ ಕೊನೆ. ಆಮೇಲೆ ಹದಿನೆಂಟು ವರ್ಷ ತೋಳು ಮುಚ್ಚುವ ಚೂಡಿದಾರ್, ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲು, ಅದರಲ್ಲೂ ಸ್ವಲ್ಪ ಮಂಡಿ ಬಗ್ಗಿಸಿ. ಹೆಣ್ಣು ನೋಡೋಕೆ ಬಂದವರು ಒಗ್ಗರಣಿ ಮಿರ್ಚಿ ತಿಂದು, "ಹುಡುಗಿ ಒಳ್ಳೆಯವಳು, ಎತ್ತರ ಸ್ವಲ್ಪ ಜಾಸ್ತಿ ಆಯ್ತು" ಅಂತ ಫೋನ್ ಮಾಡುತ್ತಿದ್ದರು. ನನ್ನದು ಐದಡಿ ಒಂಬತ್ತು ಇಂಚು. ತೂಕ ಆಗ 84. ಬ್ಲೌಸ್ ಹೊಲಿಯುವ ಅಕ್ಕ ಟೇಪು ಸುತ್ತಿ "ತೋಳು ಹದಿನೈದಾ!" ಅಂತ ಇಡೀ ಓಣಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಟೇಪು ಕಂಡರೆ ನನಗೆ ಆಗುತ್ತಿರಲಿಲ್ಲ.

2022ರಲ್ಲಿ ಡಾಕ್ಟರು ಸಕ್ಕರೆ ಅಂಚಿನಲ್ಲಿದೆ, ಬೆಳಿಗ್ಗೆ ನಡೀರಿ ಅಂದರು. ಮುನಿಸಿಪಲ್ ಮೈದಾನಕ್ಕೆ ಹೋದೆ. ನಡೆಯೋದಂದ್ರೆ ನನಗೆ ಬೇಜಾರು, ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರೋದು. ಮೂರನೇ ವಾರ ಒಂದು ಮೂಲೆಯಲ್ಲಿ ಹುಡುಗರು ಬಿಟ್ಟುಹೋದ ಗುಂಡು ಬಿದ್ದಿತ್ತು. ಎತ್ತಿಕೊಂಡೆ. ಕೈಗೆ ಎಲ್ಲ ನೆನಪಿತ್ತು, ಕಾಲಿಗೆ ಮಾತ್ರ ಮರೆತಿತ್ತು.

ಶುರು ಮಾಡುವವರಿಗೆ ಇಲ್ಲಿ ಒಂದೆರಡು ಮಾತು ಹೇಳಬೇಕು, ಯಾಕಂದ್ರೆ ಇದನ್ನ ತೋಳಿನ ಆಟ ಅಂದುಕೊಂಡು ಭುಜ ಹಾಳು ಮಾಡಿಕೊಂಡವರನ್ನ ನೋಡಿದ್ದೇನೆ. ಗುಂಡನ್ನ ಎಸೆಯೋದಲ್ಲ, ನೂಕೋದು. ಅದು ಅಂಗೈಯಲ್ಲಿ ಕೂರಬಾರದು, ಬೆರಳಿನ ಬುಡದ ಮೇಲೆ ಕೂರಬೇಕು. ದವಡೆಯ ಕೆಳಗೆ ಕತ್ತಿಗೆ ಒತ್ತಿ ಇಟ್ಟುಕೊಳ್ಳಬೇಕು. ಅಲ್ಲಿಂದ ಕೈ ಕೆಳಗೆ ಇಳಿದರೆ ಫೌಲ್, ಭುಜದ ಗೆರೆ ಬಿಟ್ಟು ಹಿಂದೆ ಹೋದರೂ ಫೌಲ್. ಪ್ರಾಕ್ಟೀಸ್ ಮುಗಿದ ಮೇಲೆ ಅಂಗೈ ನೋಡಿಕೊಳ್ಳಿ. ಅಂಗೈ ಸ್ವಚ್ಛ ಇದ್ದು ಕತ್ತು ಕೊಳೆ ಆಗಿದ್ದರೆ ಹಿಡಿತ ಸರಿ ಇದೆ ಅಂತ. ಅದೇ ಕೊಳೆ ಮಾಸ್ಟರಿಗೆ ಕಂಡಿದ್ದು.

ಬಲ ಬರೋದು ಕಾಲಿನಿಂದ. ಎಸೆಯುವ ಕಡೆಗೆ ಬೆನ್ನು ಹಾಕಿ ಬಗ್ಗಿ ನಿಂತು, ಎಡಗಾಲನ್ನ ಹಿಂದಕ್ಕೆ ಒದ್ದು, ಬಲಗಾಲಲ್ಲಿ ಸರ್ಕಲ್ಲಿನ ನಡುವಿಗೆ ಜಾರಿ ಬಂದು, ಸೊಂಟ ತಿರುಗಿದ ಮೇಲೆ ಕೊನೆಗೆ ಕೈ. ನಾನು ಜಿಮ್ಮಿಗೆ ಹೋಗಲಿಲ್ಲ. 25 ಕೆಜಿಯ ಸೋನಾ ಮಸೂರಿ ಚೀಲ ಅಪ್ಪಿಕೊಂಡು ಅಡುಗೆಮನೆಯಲ್ಲೇ ಬೈಠಕ್ ಹೊಡೆದೆ. ಅಕ್ಕಿ ಖಾಲಿ ಆದ ಹಾಗೆ ಭಾರ ಕಮ್ಮಿ ಆಗುತ್ತಿತ್ತು, ತಿಂಗಳ ಕೊನೆಗೆ ಆರಾಮು. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ಎಸೆತ, ಬೆಳಿಗ್ಗೆ ಐದೂಕಾಲಿಗೆ. ಅಷ್ಟು ಬೇಗ ಯಾಕಂದ್ರೆ ವಾಕಿಂಗ್ ಜನ ಬರೋ ಮುಂಚೆ ಮುಗಿಯಬೇಕು. ಎದುರಿಗೆ ಯಾರಾದರೂ ಅಡ್ಡ ಬರುತ್ತಿದ್ದರೆ ಗುಂಡು ಕೈಬಿಡಬೇಡಿ, ಇದೊಂದು ವಿಷಯದಲ್ಲಿ ನಾಚಿಕೆ ಇಲ್ಲದೆ ಕೂಗಿ. ಇನ್ನೊಂದು ಕಾರಣ, ನಿಜ ಹೇಳಬೇಕಂದ್ರೆ, ಆ ಕತ್ತಲಲ್ಲಿ ನನ್ನನ್ನ ಯಾರೂ ನೋಡುತ್ತಿರಲಿಲ್ಲ.

ಮಾಸ್ಟರ್ ಒಂದು ಶನಿವಾರ ಬಂದುಬಿಟ್ಟರು. ಸೈಕಲ್ ನಿಲ್ಲಿಸಿ ದೂರ ನಿಂತು ನೋಡಿದರು. ನಾನು ಎಸೆದು, ಹೆಜ್ಜೆ ಎಣಿಸಿ ದೂರ ಅಳೆಯುತ್ತಿದ್ದೆ. ಅವರಿಗೆ ಅದು ತಡೆಯಲಿಲ್ಲ. ಜೀವನ ಪೂರ್ತಿ ಕಾಲಿಂಚು ತಪ್ಪಿದರೂ ಲೇಯರ್ ಲೇಯರ್ ಬಟ್ಟೆ ಹಾಳಾಗುವ ಕೆಲಸ ಮಾಡಿದ ಮನುಷ್ಯ. "ಹೆಜ್ಜಿ ಲೆಕ್ಕ ಹಿಡೀತಾರೇನ್ರೀ ಯಾರಾದ್ರೂ?" ಅಂತ ಬೈದೇ ಬಿಟ್ಟರು.

ಮರುದಿನ ಉದ್ದನೆ ಟೇಪು ತಂದರು. ಸರ್ಕಲ್ಲಿನ ಅಡ್ಡಳತೆ 2.135 ಮೀಟರ್ ಅಂದೆ. ಅರ್ಧ ಅಂದ್ರೆ 106.75 ಸೆಂಟಿಮೀಟರ್ ಅಂತ ಅಲ್ಲೇ ಹೇಳಿ, ದಾರಕ್ಕೆ ಮೊಳೆ ಕಟ್ಟಿ ನೆಲದ ಮೇಲೆ ಗುಂಡಗೆ ಗೀರಿದರು. ಗುಂಡು ಬೀಳಬೇಕಾದ ಜಾಗದ ಎರಡು ಗೆರೆಗಳ ನಡುವಿನ ಕೋನ 34.92 ಡಿಗ್ರಿ. ನಾನು ಅದನ್ನ ಯಾವತ್ತೂ ಸರಿಯಾಗಿ ಹಾಕಿದವಳಲ್ಲ. ಅವರಿಗೆ ಸುಲಭದ ಲೆಕ್ಕ ಹೇಳಿದೆ: ಸರ್ಕಲ್ಲಿನ ನಡುವಿನಿಂದ ಎರಡು ಗೆರೆಯ ಮೇಲೂ 10 ಮೀಟರ್ ಹೋದರೆ ಅವುಗಳ ನಡುವೆ 6 ಮೀಟರ್ ಅಂತರ ಇರಬೇಕು. "ಲಂಗದ ಘೇರು ಇದ್ದಂಗ" ಅಂದರು, ಐದು ನಿಮಿಷದಲ್ಲಿ ಹಾಕಿದರು. ಸರ್ಕಲ್ಲಿನ ಮುಂದೆ ಅಡ್ಡ ಹಲಗೆ ಇರುತ್ತದೆ, ಸ್ಟಾಪ್ ಬೋರ್ಡ್ ಅಂತ. ಅದರ ಒಳಮೈಗೆ ಕಾಲು ತಾಗಿದರೆ ನಡೆಯುತ್ತದೆ, ಮೇಲೆ ಇಟ್ಟರೆ ಫೌಲ್. ಹಳೇ ಕಟಿಂಗ್ ಟೇಬಲ್ಲಿನ ಹಲಗೆ ತಂದು ಅದನ್ನೂ ಮಾಡಿಕೊಟ್ಟರು. ಆ ನಿಯಮ ಅವರಿಗೆ ಯಾಕೋ ತುಂಬಾ ಹಿಡಿಸಿತು.

ಅಳೆಯುವ ರೀತಿ ಹೀಗೆ. ಟೇಪಿನ ಸೊನ್ನೆಯ ತುದಿ ಗುಂಡು ಬಿದ್ದ ಗುರುತಿನ ಹತ್ತಿರ ಇರಬೇಕು, ಗುರುತಿನಲ್ಲೂ ಸರ್ಕಲ್ಲಿಗೆ ಹತ್ತಿರದ ಅಂಚಿನಲ್ಲಿ. ಇನ್ನೊಂದು ತುದಿಯನ್ನ ಸರ್ಕಲ್ಲಿನ ನಡುವಿನ ಮೇಲೆ ಹಾಯುವಂತೆ ಎಳೆದು, ಒಳ ಅಂಚಿನಲ್ಲಿ ಎಷ್ಟು ಬಂತೋ ಅದನ್ನ ಓದಬೇಕು. ಸೆಂಟಿಮೀಟರಿನ ಮೇಲೆ ಚೂರುಪಾರು ಉಳಿದರೆ ಬಿಟ್ಟುಬಿಡಬೇಕು, ಮೇಲಕ್ಕೆ ಏರಿಸೋ ಹಾಗಿಲ್ಲ. ಹೀಗಾಗಿ ಅವರು ಅಲ್ಲಿ ಸೊನ್ನೆ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು, ನಾನು ಇಲ್ಲಿ ಅಂಕಿ ಓದುತ್ತಿದ್ದೆ. ಮೊದಲ ದಿನ 7.12. ಪಿಯುಸಿಯಲ್ಲಿ ನಾನು ಒಂಬತ್ತು ಮೀಟರ್ ದಾಟಿದವಳು. ಅವರು ಪರವಾಗಿಲ್ಲ ಅನ್ನಲಿಲ್ಲ, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಚೀಟಿಯಲ್ಲಿ 7.12 ಅಂತ ಬರೆದು ಕೆಳಗೆ ಗೆರೆ ಎಳೆದರು.

ಇದು ನನಗೆ ಹೊಸದು. ನನಗೆ ಗೊತ್ತಿದ್ದದ್ದು ಎರಡೇ ತರದ ಜನ, ನಗುವವರು ಮತ್ತು ಸಮಾಧಾನ ಮಾಡುವವರು. ಸಮಾಧಾನ ಮಾಡುವವರು ಇನ್ನೂ ಕಷ್ಟ.

ಒಂದು ದಿನ ಟೀ ಶರ್ಟಿನ ತೋಳು ನೋಡಿ, "ಬಲಗೈ ಬಿಗಿ ಹಿಡೀತೈತಿ, ಅದಕ್ಕೇ ಮೊಣಕೈ ಕೆಳಗ ಬೀಳ್ತೈತಿ" ಅಂದರು. ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಯೂನಿಟ್ಟಿನಲ್ಲಿ ಊಟದ ಹೊತ್ತಿಗೆ ಕೊರಳಲ್ಲಿದ್ದ ಟೇಪು ತೆಗೆದರು. ನಾನು ಹಲ್ಲು ಕಚ್ಚಿ ನಿಂತೆ. ಬಲ ತೋಳಿಗೆ ಸುತ್ತಿದರು, ನೋಡಿದರು. ಎಡ ತೋಳಿಗೆ ಸುತ್ತಿದರು. ಚೀಟಿಯಲ್ಲಿ "ಬಲ 15, ಎಡ 14" ಅಂತ ಬರೆದರು. ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ಬುತ್ತಿ ಬಿಚ್ಚಿ ಕೂತರು. ಎರಡು ದಿನಕ್ಕೆ ಒಂದು ಅಂಗಿ ಬಂತು, ಬಲದ ತೋಳು ಒಂದಿಂಚು ಜಾಸ್ತಿ. ಹಾಕಿಕೊಂಡು ಕನ್ನಡಿ ಮುಂದೆ ಕೈ ಎತ್ತಿದೆ. ಎಲ್ಲೂ ಹಿಡಿಯಲಿಲ್ಲ. ಆ ರಾತ್ರಿ ಅತ್ತೆ. ಯಾಕೆ ಅಂತ ಅಮ್ಮ ಕೇಳಿದರೆ ಹೇಳೋಕೆ ಏನೂ ಇರಲಿಲ್ಲ, ಅಂಗಿ ಸರಿ ಕೂತಿದೆ ಅಂತ ಅಳ್ತಾರಾ ಯಾರಾದರೂ?

ಇಲ್ಲಿಯ ತನಕ ಒಳ್ಳೆಯವಳ ಹಾಗೆ ಕಾಣ್ತಾ ಇದ್ದೀನಿ ಅಲ್ವಾ. ಮುಂದಿನದು ಹಾಗಿಲ್ಲ.

ಮಾಸ್ಟರ್ ಐದಡಿ ಮೂರು ಇಂಚು. ನನಗಿಂತ ಐದು ವರ್ಷ ದೊಡ್ಡವರು, ಮದುವೆ ಆಗಿರಲಿಲ್ಲ. ತಂಗಿಯರ ಮದುವೆ ಮಾಡುವಷ್ಟರಲ್ಲಿ ವಯಸ್ಸು ಹೋಯ್ತು ಅನ್ನುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಆರೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು, ಟೇಪು ಸುತ್ತುತ್ತಾ "ಮದುವಿ ಬಗ್ಗೆ ಏನಂತೀರಿ" ಅಂದರು. ನೆಲ ನೋಡಿಕೊಂಡೇ ಕೇಳಿದರು. ನನ್ನ ಬಾಯಿಂದ ಬಂದ ಮಾತು: "ನಾವಿಬ್ರೂ ಜೋಡಿ ನಡೆದ್ರೆ ಜನ ನಗ್ತಾರ್ರೀ."

ಅವರು ಟೇಪು ಪೂರ್ತಿ ಸುತ್ತಿದರು. "ಹೌದ್ರೀ" ಅಂದು ಸೈಕಲ್ ಹತ್ತಿ ಹೋದರು.

ಹದಿನೆಂಟು ವರ್ಷ ನನ್ನ ಎತ್ತರದ ಬಗ್ಗೆ ಮಾತಾಡಿದವರನ್ನ ಒಳಗೊಳಗೇ ಬೈದವಳು ನಾನು. ಅವರ ಸಾಲಿನಲ್ಲೇ ಹೋಗಿ ನಿಂತೆ. ಅದು ಗೊತ್ತಾಗೋಕೆ ಮೂರು ವಾರ ಬೇಕಾಯ್ತು, ಅದೂ ಟೇಪಿನಿಂದ. ಒಬ್ಬಳೇ ಅಳೆಯಬೇಕಲ್ಲ, ಸೊನ್ನೆಯ ತುದಿಗೆ ಮೊಳೆ ಚುಚ್ಚಿ ಬರುತ್ತಿದ್ದೆ. ನಾನು ಸರ್ಕಲ್ಲಿಗೆ ಬಂದು ಎಳೆದ ಕೂಡಲೇ ಮೊಳೆ ಕಿತ್ತು ಬರುತ್ತಿತ್ತು. ಮತ್ತೆ ಹೋಗು, ಚುಚ್ಚು, ಬಾ. ಒಂದು ದಿನ ಚೆನ್ನಾಗಿ ಬಿತ್ತು, ಎಂಟು ದಾಟಿದೆ ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು, ಆದರೆ ಅಳೆಯೋಕೆ ಆಗಲಿಲ್ಲ. ಟೇಪು ಕೈಯಲ್ಲಿ ಹಿಡಿದು ಅಲ್ಲೇ ಕೂತೆ. ಎಂಟು ದಾಟಿದ್ದನ್ನ ಹೇಳಬೇಕು ಅನಿಸಿದ್ದು ಒಬ್ಬರಿಗೇ. ಅವರು ಎಷ್ಟು ಉದ್ದ ಇದ್ದಾರೆ ಅಂತ ಆ ಹೊತ್ತಿಗೆ ನೆನಪೂ ಆಗಲಿಲ್ಲ.

ಯೂನಿಟ್ಟಿಗೆ ಒಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಹೋದೆ. ಕರೆಂಟು ಹೋಗಿತ್ತು, ಅವರು ಟೇಬಲ್ ಪಕ್ಕ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು.

"ಬೆಳಿಗ್ಗೆ ಸೊನ್ನೆ ಹಿಡಿಯೋಕೆ ಯಾರೂ ಇಲ್ರೀ," ಅಂದೆ.

"ಮೊಳಿ ಹೊಡ್ಕೊಳ್ರೀ."

"ಮೊಳೆ ಮಾತಾಡಲ್ಲ."

"ನಾನೂ ಮಾತಾಡಲ್ಲಲ್ರೀ."

ನಿಜವೇ. ಆಮೇಲೆ ನಾನು ತಪ್ಪು ಮಾತಾಡಿದೆ, ನಗುವವರಲ್ಲಿ ಮೊದಲನೆಯವಳು ನಾನೇ ಆಗಿದ್ದೆ, ಅಂತ ಹೇಳಿದೆ. ಹೇಳುವಾಗ ಎದ್ದು ನಿಂತಿದ್ದೆ, ಮಂಡಿ ಬಗ್ಗಿಸದೆ. ಅವರು ಪೊಟ್ಟಣ ಬಿಚ್ಚಿ ಒಂದು ಮಿರ್ಚಿ ನನ್ನ ಕಡೆ ತಳ್ಳಿದರು. ಮರುದಿನ ಐದೂಕಾಲಿಗೆ ಸೈಕಲ್ ಬಂತು.

ಆ ಡಿಸೆಂಬರಿನಲ್ಲಿ ಮೂವತ್ತೈದು ದಾಟಿದವರ ಕೂಟಕ್ಕೆ ಹೋದೆ. ಮೊದಲೆರಡು ಫೌಲ್, ಎರಡೂ ಸಲ ಹಲಗೆ ಮೇಲೆ ಕಾಲು. ಮೂರನೆಯದು 8.41. ನಾಲ್ಕನೇ ಸ್ಥಾನ, ಪದಕ ಇಲ್ಲ. ಅರ್ಧ ತೋಳಿನ ಅಂಗಿಯಲ್ಲಿ, ಹಗಲು ಹೊತ್ತಿನಲ್ಲಿ, ಜನರ ಮುಂದೆ. ಯಾರಾದರೂ ನಕ್ಕರೋ ಇಲ್ಲವೋ ಗೊತ್ತಿಲ್ಲ, ನನಗೆ ಸೊಂಟ ತಡವಾಗಿ ತಿರುಗುತ್ತಿದೆ ಅನ್ನೋದೇ ಚಿಂತೆ ಆಗಿತ್ತು.

ಮದುವೆ ಚಿಕ್ಕದಾಗಿ ಮಾಡಿಕೊಂಡೆವು. ಫೋಟೊದವನು ಕ್ಯಾಮೆರಾದಲ್ಲಿ ನೋಡಿದ, ತಲೆ ಕೆರೆದುಕೊಂಡ, ಹೋಗಿ ಒಂದು ಮಣೆ ತಂದು ಇವರ ಕಾಲ ಹತ್ತಿರ ಇಟ್ಟ. "ಸರ್, ಸ್ವಲ್ಪ ಇದರ ಮೇಲೆ ನಿಲ್ರೀ, ಸರಿಸಮ ಬರ್ತೈತಿ."

ಇವರು ಮಣೆ ನೋಡಿದರು, ನನ್ನನ್ನ ನೋಡಿದರು.

"ಹಲಗಿ ಮ್ಯಾಲೆ ಕಾಲಿಟ್ರೆ ಫೌಲ್ ಅಪ್ಪಾ" ಅಂದರು.

ಅವನಿಗೆ ಏನೂ ಅರ್ಥ ಆಗಲಿಲ್ಲ. ನಾನು ನಗು ತಡೆಯೋಕಾಗದೆ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅವನು ಕ್ಲಿಕ್ ಮಾಡಿಬಿಟ್ಟಿದ್ದ.