ಎಸ್‌ಎಸ್‌ಡಿ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು, ಲಿನಕ್ಸ್‌ನಲ್ಲಿ ಇಷ್ಟು ನೋಡಿ

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್, ಶಾಲೆಯ ಪ್ರಶ್ನೆಪತ್ರಿಕೆ, ಇವೇ ನನ್ನ ಕೆಲಸ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇವೆ. ಹಳೆಯ ಪೇಜ್‌ಮೇಕರ್ ಫೈಲುಗಳೆಲ್ಲ 'ನುಡಿ' ಫಾಂಟ್‌ನಲ್ಲಿವೆ, ಹಾಗಾಗಿ ವಿಂಡೋಸ್ ಬಿಡುವ ಹಾಗಿಲ್ಲ. ಉಳಿದದ್ದಕ್ಕೆಲ್ಲ ಉಬುಂಟು.

ಬೆಂಗಳೂರಿನ ಎಸ್‌ಪಿ ರೋಡಿನಿಂದ 500 ಜಿಬಿಯ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆ) ಎಸ್‌ಎಸ್‌ಡಿ ತಂದು ಹಾಕಿದೆ. ವಿಂಡೋಸ್‌ನಲ್ಲಿ ಒಂದು ತೊಂದರೆಯೂ ಇರಲಿಲ್ಲ. ಉಬುಂಟುವಿನಲ್ಲಿ ಮೂರನೇ ದಿನ, ಗಿರಾಕಿ ಎದುರಿಗೇ ಕೂತು ಪ್ರೂಫ್ ನೋಡುತ್ತಿದ್ದಾಗ, ಫೈಲ್ ಸೇವ್ ಆಗಲಿಲ್ಲ. 'ರೀಡ್-ಓನ್ಲಿ ಫೈಲ್ ಸಿಸ್ಟಂ' ಅಂತ ಬಂತು. ಟರ್ಮಿನಲ್‌ನಲ್ಲಿ ಏನು ಟೈಪ್ ಮಾಡಿದರೂ 'ಇನ್‌ಪುಟ್ ಔಟ್‌ಪುಟ್ ಎರರ್'. ರೀಸ್ಟಾರ್ಟ್ ಮಾಡಿದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್, ಉಬುಂಟು ಏಳುವ ಮೊದಲಿನ ಸೆಟ್ಟಿಂಗ್ ಪರದೆಯಲ್ಲಿ, ಡಿಸ್ಕೇ ಇಲ್ಲ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿದೆ. ಏನೂ ಆಗಿಲ್ಲವೆಂಬಂತೆ ಡಿಸ್ಕ್ ವಾಪಸ್ ಬಂತು.

ಆ ಕೊನೆಯ ಮಾತನ್ನು ಗಮನದಲ್ಲಿಡಿ. ರೀಸ್ಟಾರ್ಟ್‌ಗೆ ಬಾರದ ಡಿಸ್ಕ್ ಪೂರ್ತಿ ಆಫ್ ಮಾಡಿದಾಗ ಬಂದರೆ, ಅದು ಸತ್ತಿಲ್ಲ. ಹೆಚ್ಚಾಗಿ, ನಿದ್ದೆಗೆ ಹೋಗಿ ಏಳಲಾಗದೆ ಉಳಿದಿರುತ್ತದೆ.

ಅದಕ್ಕೆ ಬರುವ ಮೊದಲು ಇನ್ನೊಂದು ತೊಂದರೆ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಓದುತ್ತಿರುವ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮ, ಉಬುಂಟು ಹಾಕೋಕೆ ಹೋದ್ರೆ ಡಿಸ್ಕೇ ಕಾಣ್ತಿಲ್ಲ. ವಿಂಡೋಸ್ ಮಾತ್ರ ಅದರಲ್ಲೇ ಓಡ್ತಿದೆ."

ಇದು ಬಯಾಸ್‌ನ ವಿಷಯ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸಾಟಾ (ಡಿಸ್ಕ್ ಜೋಡಿಸುವ ಹಳೆಯ ಬಗೆ) ಮೋಡ್ 'ರೈಡ್' (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವುದು) ಅಥವಾ 'ಇಂಟೆಲ್ ಆರ್‌ಎಸ್‌ಟಿ' ಎಂದು ಇರುತ್ತದೆ. ಆಗ ಎನ್‌ವಿಎಂಇ ಡಿಸ್ಕ್ ಸಾಟಾ ಕಂಟ್ರೋಲರ್‌ನ ಬೆನ್ನ ಹಿಂದೆ ಅಡಗಿರುತ್ತದೆ. ವಿಂಡೋಸ್‌ಗೆ ಇಂಟೆಲ್‌ನ ಡ್ರೈವರ್ ಇರುವುದರಿಂದ ಅದಕ್ಕೆ ಕಾಣುತ್ತದೆ, ಲಿನಕ್ಸ್‌ಗೆ ಕಾಣುವುದಿಲ್ಲ. ಆ ಮೋಡನ್ನು 'ಎಎಚ್‌ಸಿಐ' ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಅವನಿಗೆ ಮಾಡಿಸಿದ್ದು ಹೀಗೆ.

ಮೊದಲು ಬಿಟ್‌ಲಾಕರ್‌ನ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ನಾನು ಆನ್ ಮಾಡೇ ಇಲ್ಲ ಅಂದುಕೊಳ್ಳಬೇಡಿ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರಬಹುದು. ಕೀ ಆ ಅಕೌಂಟ್‌ನಲ್ಲೇ ಸಿಗುತ್ತದೆ. ಆಮೇಲೆ ವಿಂಡೋಸ್‌ನಲ್ಲಿ 'ಎಂಎಸ್‌ಕಾನ್ಫಿಗ್' ತೆರೆದು, ಬೂಟ್ ಟ್ಯಾಬ್‌ನಲ್ಲಿ 'ಸೇಫ್ ಬೂಟ್, ಮಿನಿಮಲ್' ಟಿಕ್ ಮಾಡಿ. ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಸರಿಯಾದ ಡ್ರೈವರ್ ಹಾಕಿಕೊಳ್ಳುತ್ತದೆ. ಇಲ್ಲಿ ಪಿನ್ ಕೆಲವೊಮ್ಮೆ ಹಿಡಿಯುವುದಿಲ್ಲ, ಪಾಸ್‌ವರ್ಡ್ ನೆನಪಿರಲಿ. ಆಮೇಲೆ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ನಿಮ್ಮದರಲ್ಲಿ ಎರಡು ಡಿಸ್ಕ್ ಸೇರಿಸಿ ನಿಜವಾಗಿಯೇ ರೈಡ್ ಮಾಡಿದ್ದರೆ ಮಾತ್ರ ಇದನ್ನು ಮುಟ್ಟಬೇಡಿ, ಡೇಟಾ ಹೋಗುತ್ತದೆ.

ಡಿಸ್ಕ್ ಬಯಾಸ್‌ನಲ್ಲೂ ಒಮ್ಮೆಯೂ ಕಂಡೇ ಇಲ್ಲ ಅಂದರೆ ಸ್ಲಾಟ್ ನೋಡಿ. ಎಂ.2 ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಕೂರುತ್ತದೆ ಅಂದ ಮಾತ್ರಕ್ಕೆ ಓಡುತ್ತದೆ ಅಂತ ಅಲ್ಲ. ಮದರ್‌ಬೋರ್ಡ್ ಪುಸ್ತಕದಲ್ಲಿ ಯಾವುದು ಅಂತ ಬರೆದಿರುತ್ತದೆ.

ಈಗ ನನ್ನ ಡಿಸ್ಕ್‌ನ ನಿದ್ದೆಯ ವಿಷಯ. ಎನ್‌ವಿಎಂಇ ಡಿಸ್ಕ್‌ಗೆ ಕೆಲಸ ಇಲ್ಲದಾಗ ತಾನೇ ಹಂತ ಹಂತವಾಗಿ ನಿದ್ದೆಗೆ ಜಾರುವ ವ್ಯವಸ್ಥೆ ಇದೆ. ಎಪಿಎಸ್‌ಟಿ ಅಂತ ಅದರ ಹೆಸರು. ಲಿನಕ್ಸ್‌ಗೆ ಇದು ಬಂದಿದ್ದು 2017ರಲ್ಲಿ, ಕರ್ನಲ್ (ಲಿನಕ್ಸ್‌ನ ತಿರುಳು) 4.11ರಿಂದ. ಬ್ಯಾಟರಿ ಉಳಿಯುತ್ತದೆ, ಒಳ್ಳೆಯದೇ. ಆದರೆ ಕೆಲವು ಡಿಸ್ಕ್‌ಗಳು, ಕೆಲವು ಲ್ಯಾಪ್‌ಟಾಪ್‌ಗಳ ಜೊತೆ, ತೀರಾ ಆಳದ ನಿದ್ದೆಯಿಂದ ಏಳುವುದಿಲ್ಲ. ವಿಂಡೋಸ್ ತನ್ನದೇ ಲೆಕ್ಕದಲ್ಲಿ ಮಲಗಿಸುತ್ತದೆ. ಅದಕ್ಕೇ ಅಲ್ಲಿ ಸರಿ, ಇಲ್ಲಿ ತೊಂದರೆ.

ಇದೇ ಕಾರಣ ಅಂತ ಗೊತ್ತಾಗುವುದು ಹೇಗೆ? ಡಿಸ್ಕೇ ಹೋದ ಮೇಲೆ ಲಾಗ್ ಬರೆಯಲು ಜಾಗ ಎಲ್ಲಿದೆ? ಹಾಗಾಗಿ ಮೊದಲೇ ಒಂದು ಟರ್ಮಿನಲ್‌ನಲ್ಲಿ 'ಸುಡೊ ಡಿಮೆಸೇಜ್ ಡ್ಯಾಶ್ ಡಬ್ಲ್ಯೂ' ಓಡಿಸಿ ಬಿಟ್ಟಿರಿ. ಡಿಮೆಸೇಜ್ ಅಂದರೆ ಡಿ, ಎಂ, ಇ, ಎಸ್, ಜಿ. ಅದು ಮೆಮೊರಿಯಲ್ಲಿ ಓಡುತ್ತಿರುವುದರಿಂದ ಡಿಸ್ಕ್ ಹೋದರೂ ಸಾಲುಗಳು ಬರುತ್ತಲೇ ಇರುತ್ತವೆ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನನ್ನ ಫೋಟೋದಲ್ಲಿ 'ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್' ಅಂತ ಇತ್ತು. ಪಕ್ಕದಲ್ಲಿ ಸೊನ್ನೆ, ಎಕ್ಸ್, ಆಮೇಲೆ ಎಂಟು ಎಫ್‌ಗಳು ಸಾಲಾಗಿ. ಆ ಎಫ್‌ಗಳ ಸಾಲೇ ಗುರುತು. ಕರ್ನಲ್ ಕರೆದಾಗ ಆ ಕಡೆಯಿಂದ ಯಾರೂ ಓಗೊಡಲಿಲ್ಲ ಅಂತ ಅರ್ಥ. ಹೊಸ ಕರ್ನಲ್ ಆದರೆ ಕೆಳಗಿನ ಸಾಲಿನಲ್ಲಿ ಪರಿಹಾರವನ್ನೂ ತಾನೇ ಹೇಳುತ್ತದೆ.

ಪರಿಹಾರ ಅಂದರೆ ಒಂದು ಕರ್ನಲ್ ಪ್ಯಾರಾಮೀಟರ್, ಅಂದರೆ ಕರ್ನಲ್ ಏಳುವಾಗ ಅದಕ್ಕೆ ಕೊಡುವ ಸೂಚನೆ. ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬರೆಯುತ್ತೇನೆ: ಎನ್‌ವಿಎಂಇ, ಅಂಡರ್‌ಸ್ಕೋರ್, ಕೋರ್, ಡಾಟ್, ಡಿಫಾಲ್ಟ್, ಅಂಡರ್‌ಸ್ಕೋರ್, ಪಿಎಸ್, ಅಂಡರ್‌ಸ್ಕೋರ್, ಮ್ಯಾಕ್ಸ್, ಅಂಡರ್‌ಸ್ಕೋರ್, ಲೇಟೆನ್ಸಿ, ಅಂಡರ್‌ಸ್ಕೋರ್, ಯುಎಸ್, ಈಕ್ವಲ್ ಟು, 0. ಎಲ್ಲ ಸಣ್ಣ ಅಕ್ಷರ, ನಡುವೆ ಎಲ್ಲೂ ಸ್ಪೇಸ್ ಇಲ್ಲ.

ಮೊದಲು ಒಂದು ಸಲಕ್ಕೆ ಮಾತ್ರ ಹಾಕಿ ನೋಡಿ. ಯಂತ್ರ ಆನ್ ಆದಾಗ ವಿಂಡೋಸೋ ಉಬುಂಟುವೋ ಎಂದು ಕೇಳುವ ಗ್ರಬ್ ಮೆನುವಿನಲ್ಲಿ ಉಬುಂಟು ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ, 'ಕ್ವಯಟ್ ಸ್ಪ್ಲ್ಯಾಷ್' ಆದ ಮೇಲೆ, ಒಂದು ಸ್ಪೇಸ್ ಬಿಟ್ಟು ಇದನ್ನು ಸೇರಿಸಿ ಎಫ್10 ಒತ್ತಿ. ಒಂದು ದಿನವಿಡೀ ಕೆಲಸ ಮಾಡಿ. ಮಧ್ಯೆ ಸುಮ್ನೆ ಬಿಟ್ಟು ಊಟಕ್ಕೂ ಹೋಗಿ ಬನ್ನಿ. ನನ್ನದು ಜಾಸ್ತಿ ಕೈಕೊಡುತ್ತಿದ್ದದ್ದು ಹಾಗೆ ಬಿಟ್ಟು ಹೋದಾಗಲೇ. ಡಿಸ್ಕ್ ಮಾಯವಾಗದೆ ಉಳಿದರೆ, ಅದೇ ಪದವನ್ನು ಇಟಿಸಿ ಫೋಲ್ಡರ್‌ನ ಒಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿರುವ ಗ್ರಬ್ ಫೈಲ್‌ಗೆ ಹಾಕಿ. ಅಲ್ಲೂ 'ಕ್ವಯಟ್ ಸ್ಪ್ಲ್ಯಾಷ್' ಪಕ್ಕದಲ್ಲೇ, ಉದ್ಧರಣ ಚಿಹ್ನೆಯ ಒಳಗೆ. ಆಮೇಲೆ 'ಸುಡೊ ಅಪ್‌ಡೇಟ್ ಡ್ಯಾಶ್ ಗ್ರಬ್' ಓಡಿಸಿ.

0 ಅಂದರೆ ನಿದ್ದೆಯೇ ಬೇಡ ಅಂತ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಡಿಸ್ಕ್ ಸ್ವಲ್ಪ ಬಿಸಿ ಇರುತ್ತದೆ. ಸದಾ ಚಾರ್ಜರ್‌ನಲ್ಲಿರುವ ಯಂತ್ರಕ್ಕೆ 0 ಸಾಕು. ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಆದರೆ 0 ಬದಲು 5500 ಹಾಕಿ ನೋಡಿ. ಅದು ಮೈಕ್ರೋಸೆಕೆಂಡ್ ಲೆಕ್ಕ. ಏಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವ ನಿದ್ದೆಗೆ ಕಳಿಸಬೇಡ ಅಂತ ಕರ್ನಲ್‌ಗೆ ಹೇಳಿದ ಹಾಗೆ. ಏನೂ ಹಾಕದಿದ್ದರೆ ಈ ಮಿತಿ 1,00,000 ಇರುತ್ತದೆ. ನಾನು ಈಗ 5500ರಲ್ಲೇ ಓಡಿಸುತ್ತಿದ್ದೇನೆ.

ವಿಂಡೋಸ್ ಪಾರ್ಟಿಷನ್ ಮಾತ್ರ ಉಬುಂಟುವಿನಲ್ಲಿ ರೀಡ್-ಓನ್ಲಿ ಆಗುತ್ತಿದ್ದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಮಾಡಿದರೂ ಪೂರ್ತಿ ಮುಚ್ಚಿರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ.

0 ಹಾಕಿದರೂ ಡಿಸ್ಕ್ ಮಾಯವಾದರೆ ಪಿಸಿಐಇ, ಅಂಡರ್‌ಸ್ಕೋರ್, ಎಎಸ್‌ಪಿಎಂ, ಈಕ್ವಲ್ ಟು, ಆಫ್ ಎಂಬುದನ್ನೂ ಪಕ್ಕದಲ್ಲಿ ಸೇರಿಸಿ. ಡಿಸ್ಕ್‌ಗೆ ಹೋಗುವ ಪಿಸಿಐಇ ದಾರಿಯೂ ನಿದ್ದೆ ಮಾಡದಿರಲಿ ಅಂತ. ಬ್ಯಾಕಪ್ ತೆಗೆದು ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಎಷ್ಟೋ ಕಂಪನಿಗಳ ಫರ್ಮ್‌ವೇರ್ ಟೂಲ್ ವಿಂಡೋಸ್‌ಗೆ ಮಾತ್ರ ಇರುತ್ತದೆ, ಎರಡೂ ಇಟ್ಟುಕೊಂಡವರಿಗೆ ಅನುಕೂಲ. ಅದಾದ ಮೇಲೂ ಹಾಗೇ ಇದ್ದರೆ 'ಎನ್‌ವಿಎಂಇ-ಸಿಎಲ್‌ಐ' ಎಂಬ ಟೂಲ್ ಹಾಕಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಸ್ಮಾರ್ಟ್ ಲಾಗ್ ನೋಡಿ. 'ಮೀಡಿಯಾ ಎರರ್ಸ್' ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ, ಆವತ್ತೇ ಡೇಟಾ ಬೇರೆ ಕಡೆ ಇಳಿಸಿ, ಬಿಲ್ ಹುಡುಕಿ, ವಾರಂಟಿಗೆ ಕೊಡಿ.