ಐಸ್ ಚೀಟಿಯಲ್ಲಿ ಬಂದರಿನ ಲೆಕ್ಕ: ನನ್ನ ಅನುಭವ

ನಮ್ಮ ಬಂದರಿನ ದಕ್ಕೆಯಿಂದ ಎಷ್ಟು ಬೋಟು ಹೊರಗಿವೆ, ಯಾವುದರಲ್ಲಿ ಯಾರಿದ್ದಾರೆ ಅಂತ ಯಾರೇ ಕೇಳಲಿ, ಈಗ ಹತ್ತು ನಿಮಿಷದಲ್ಲಿ ಹೇಳುತ್ತೇನೆ. ಕೆಲವು ಸೀಸನ್ ಹಿಂದೆ ಬೋಟು ಮಾಲೀಕರ ಸಭೆಯಲ್ಲಿ, ಬೋಟಿಗೆ ಐಸ್ ಕೊಡುವಾಗ ಬರೆಯುವ ಚೀಟಿಯಿಂದಲೇ ಈ ಲೆಕ್ಕ ಇಡೋಣ ಅಂದಾಗ ಒಬ್ಬರೂ ನಂಬಲಿಲ್ಲ. "ಸರ್ಕಾರದಿಂದಲೇ ಆಗದ್ದು ಚೀಟಿಯಿಂದ ಆಗುತ್ತಾ ಮಾರಾಯ್ರೆ?" ಅಂದರು. ಆಗಿದೆ. ಬೇರೆ ಬಂದರಿನ ಸಂಘದವರು ಕೇಳುತ್ತಲೇ ಇದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಕಡಲು ಕಾಯುವ ಸರ್ಕಾರಿ ವ್ಯವಸ್ಥೆ ನಿಮಗೆ ಗೊತ್ತೇ ಇದೆ. ನೌಕಾಪಡೆ, ಕೋಸ್ಟ್ ಗಾರ್ಡ್, ದಡದ ಹತ್ತಿರ ನಮ್ಮ ಕರಾವಳಿ ಕಾವಲು ಪೊಲೀಸರು. ದಡದ ರೇಡಾರ್, ಎಐಎಸ್ (ಹಡಗಿನ ಗುರುತು, ಜಾಗವನ್ನು ತಾನಾಗಿ ರೇಡಿಯೊದಲ್ಲಿ ಹೇಳುವ ಯಂತ್ರ) ಮಾಹಿತಿ ಎಲ್ಲ 2014ರಲ್ಲಿ ಶುರುವಾದ ಗುರುಗ್ರಾಮದ ಐಮ್ಯಾಕ್ ಎಂಬ ಕಡಲ ಮಾಹಿತಿ ಕೇಂದ್ರಕ್ಕೆ ಹೋಗುತ್ತದೆ. 2022ರಲ್ಲಿ ಇದಕ್ಕೆಲ್ಲ ಒಬ್ಬ ರಾಷ್ಟ್ರೀಯ ಸಂಯೋಜಕರೂ ಬಂದರು. ಆದರೆ 20 ಮೀಟರಿಗಿಂತ ಚಿಕ್ಕ ಬೋಟಿಗೆ ಎಐಎಸ್ ಕಡ್ಡಾಯ ಇಲ್ಲ. ರೇಡಾರಿನಲ್ಲಿ ಕಂಡರೂ ಅದೊಂದು ಚುಕ್ಕೆ, ಅಷ್ಟೇ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಹಿಡಿದದ್ದು ಪೋರಬಂದರಿನ ಕುಬೇರ್ ಬೋಟನ್ನು. ಬೋಟು ನಮ್ಮದೇ, ಒಳಗಿದ್ದವರು ನಮ್ಮವರಲ್ಲ. ಇದನ್ನು ಯಾವ ರೇಡಾರ್ ಹೇಳುತ್ತದೆ? ಯಾವ ಬೋಟು ಯಾವಾಗ ಮರಳಬೇಕಿತ್ತು ಅಂತ ದಕ್ಕೆಯವರಿಗೆ ಗೊತ್ತಿದ್ದರೆ ಮಾತ್ರ ಅನುಮಾನ ಹುಟ್ಟುತ್ತದೆ.

ಮೊದಲು ದಕ್ಕೆಯಲ್ಲಿ ರಿಜಿಸ್ಟರ್ ಇಟ್ಟೆವು. ಇಬ್ಬರು ಹುಡುಗರು, ತಲಾ ಸುಮಾರು 12 ಸಾವಿರ ಸಂಬಳ. ಬೋಟುಗಳು ಹೊರಡುವುದು ಜಾಸ್ತಿ ರಾತ್ರಿ ಮತ್ತು ಬೆಳಗಿನ ಜಾವ. ತಂಡೇಲರು (ಬೋಟು ನಡೆಸುವವರು) "ಆಮೇಲೆ ಬರೆಸ್ತೇನೆ" ಅಂತ ಹೇಳಿ ಹೋಗಿಬಿಡುತ್ತಿದ್ದರು. ನಾಲ್ಕೈದು ತಿಂಗಳಲ್ಲಿ ಲಕ್ಷ ರೂಪಾಯಿ ದಾಟಿತು, ಅರ್ಧದಷ್ಟು ಬೋಟಿನ ಹೆಸರೂ ಪುಸ್ತಕಕ್ಕೆ ಬರಲಿಲ್ಲ. ಆಮೇಲೆ ಒಬ್ಬರ ಕೈಯಲ್ಲಿ ಮೊಬೈಲ್ ಆ್ಯಪ್ ಮಾಡಿಸಿದೆವು. ಅರವತ್ತು ಸಾವಿರದ ಮೇಲೆ ಹೋಯಿತು. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರ ಹೆಸರನ್ನು ಪ್ರತಿ ಟ್ರಿಪ್‌ಗೂ ಟೈಪ್ ಮಾಡುವವರು ಯಾರು? ಆ ಸೀಸನ್ ಮುಗಿಯುವ ಮೊದಲೇ ಆ್ಯಪ್ ಸತ್ತಿತು.

ಡೀಸೆಲ್ ಬಂಕಿನಲ್ಲೂ ನೋಡಿದೆವು. ಕೆಲವರು ಹಿಂದಿನ ದಿನವೇ ತುಂಬಿಸಿಕೊಳ್ಳುತ್ತಾರೆ, ಡೀಸೆಲ್ ಪಡೆದು ಎರಡು ದಿನ ಬಿಟ್ಟು ಹೊರಡುತ್ತಾರೆ. ಲೆಕ್ಕ ಹೊಂದುವುದಿಲ್ಲ. ಐಸ್ ಹಾಗಲ್ಲ. ಐಸ್ ಹಾಕಿಸಿಕೊಂಡ ಬೋಟು ಸುಮ್ನೆ ನಿಲ್ಲುವುದಿಲ್ಲ, ಕರಗುತ್ತದೆ ಅಲ್ವಾ! ಕೆಲವೇ ಗಂಟೆಯಲ್ಲಿ ಹೊರಡಲೇಬೇಕು. ಇದು ಹೊಳೆದ ಮೇಲೆ ಉಳಿದದ್ದು ಸಲೀಸು. ಮೂರು ಪ್ರತಿಯ ಕಾರ್ಬನ್ ಪುಸ್ತಕ ಮಾಡಿಸಿದೆ. ಬೋಟಿನ ನಂಬರ್, ತಂಡೇಲರ ಫೋನ್, ಕಲಾಸಿಗಳ (ಬೋಟಿನ ಕೆಲಸದವರ) ಹೆಸರು, ಎಷ್ಟು ದಿನದ ಟ್ರಿಪ್. ಚೀಟಿ ಇಲ್ಲದೆ ಐಸ್ ಇಲ್ಲ. ಒಂದು ಪ್ರತಿ ಪ್ಲಾಂಟಿಗೆ, ಒಂದು ಸಂಘಕ್ಕೆ, ಒಂದು ಬೋಟಿಗೆ. ವಾಪಸ್ ಬಂದ ಲೆಕ್ಕ ಹರಾಜಿನ ಚೀಟಿಯಿಂದ ಸಿಗುತ್ತದೆ. ಮೀನು ಮಾರಿದ ಬೋಟು ಬಂದ ಬೋಟು. ಸಂಜೆ ಎರಡನ್ನೂ ಎದುರುಬದುರು ಇಟ್ಟರೆ ಯಾರು ಹೊರಗಿದ್ದಾರೆ ಅಂತ ತಾನಾಗಿ ಗೊತ್ತಾಗುತ್ತದೆ.

ಐಸ್ ಪ್ಲಾಂಟಿನವರು ಇದಕ್ಕೆ ಹೇಗೆ ಒಪ್ಪಿದರು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಬಂದರಿನಲ್ಲೂ ಪ್ಲಾಂಟಿನವರಿಗೆ ಬೇಕಾದದ್ದು ಏನೋ ಒಂದು ಇದ್ದೇ ಇರುತ್ತದೆ, ಹುಡುಕಿ. ಖರ್ಚು ಬೋಟಿಗೆ ಸೀಸನ್ನಿಗೆ 200 ರೂಪಾಯಿ. ನಾನೂರರ ಹತ್ತಿರ ಬೋಟು. ಪುಸ್ತಕದ ಪ್ರಿಂಟು, ಸಂಜೆ ಕೂರುವ ಒಬ್ಬರ ಸಂಬಳ, ಎರಡೂ ಇದರಲ್ಲೇ ಮುಗಿಯುತ್ತದೆ.

ನಡುವೆ ಎಐಎಸ್ ಪ್ರಯೋಗವನ್ನೂ ಮಾಡಿದ್ದೆ. ಎರಡು ಚಿಕ್ಕ ಬೋಟಿಗೆ ಕ್ಲಾಸ್ ಬಿ, ಅಂದರೆ ಕಡಿಮೆ ಶಕ್ತಿಯ ಎಐಎಸ್ ಯಂತ್ರ ಕೂರಿಸಿದೆ. ಎರಡು ವ್ಯಾಟಿನ ಸಿಗ್ನಲ್, ತಗ್ಗಿನ ಆಂಟೆನಾ. ಎಂಟು-ಹತ್ತು ನಾಟಿಕಲ್ ಮೈಲು ದಾಟಿದರೆ ದಡಕ್ಕೆ ಸಿಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಒಳ್ಳೆಯ ಮೀನು ಬಿದ್ದ ಜಾಗ ಬೇರೆಯವರಿಗೆ ಗೊತ್ತಾಗಬಾರದು ಅಂತ ತಂಡೇಲರೇ ಆಫ್ ಮಾಡುತ್ತಿದ್ದರು. ಅವರ ಹೊಟ್ಟೆಪಾಡು ಅದು, ತಪ್ಪು ಅನ್ನಲಾರೆ. ಇನ್ನು ಬಲೆಗೆ ಕಟ್ಟುವ ಅಗ್ಗದ ಎಐಎಸ್ ಬೀಕನ್‌ಗಳಿವೆಯಲ್ಲ, ಅವು ಸ್ಕ್ರೀನಿನಲ್ಲಿ ಹಡಗಿನ ಹಾಗೇ ಕಾಣುತ್ತವೆ. ದಯವಿಟ್ಟು ಅವನ್ನು ಕಟ್ಟಬೇಡಿ. ಕಾವಲು ಕಾಯುವವರ ಕಣ್ಣಿಗೆ ಮಣ್ಣೆರಚಿದ ಹಾಗೆ. 2024ರಿಂದ ಸರ್ಕಾರ ಒಂದು ಲಕ್ಷ ಬೋಟಿಗೆ ಉಚಿತವಾಗಿ ಕೊಡುತ್ತಿರುವ ಇಸ್ರೋ ಟ್ರಾನ್ಸ್‌ಪಾಂಡರ್ ನನಗೆ ಇಷ್ಟ. ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಹೋಗುತ್ತದೆ. ಆದರೆ ಬೋಟಿನಲ್ಲಿ ಯಾರಿದ್ದಾರೆ ಅಂತ ಅದಕ್ಕೂ ಗೊತ್ತಿಲ್ಲ. ಚೀಟಿ ಬೇಕೇ ಬೇಕು.

ನಂಬದಿದ್ದವರು ನಂಬಿದ್ದು ಒಂದು ಸಾಗರ ಕವಚ ಅಣಕು ಕಾರ್ಯಾಚರಣೆಯಲ್ಲಿ. ಉಗ್ರರ ಪಾತ್ರ ಮಾಡುವವರು ಮೀನುಗಾರರ ಬೋಟಿನಲ್ಲೇ ನುಸುಳುತ್ತಾರಲ್ಲ, ಆ ಸಲ ಬಂದ ಬೋಟಿನ ಮೇಲೆ ನಮ್ಮ ದಕ್ಕೆಯದೇ ನಂಬರ್. ವಿಎಚ್‌ಎಫ್ ರೇಡಿಯೊದಲ್ಲಿ ನಮ್ಮ ತಂಡೇಲರೊಬ್ಬರು ನಂಬರ್ ಹೇಳಿದರು, ನಾನು ಪುಸ್ತಕ ನೋಡಿದೆ. ಆ ನಂಬರಿನ ಬೋಟು ಹಿಂದಿನ ದಿನವೇ ಬಂದು ಮೀನು ಮಾರಿತ್ತು. ಮತ್ತೆ ಐಸ್ ಎತ್ತಿರಲಿಲ್ಲ. ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಿದೆವು, ದಡ ಮುಟ್ಟುವ ಮೊದಲೇ ಪೊಲೀಸರು ಹಿಡಿದರು. ಇಷ್ಟು ಬೇಗ ಸುಳಿವು ಸಿಕ್ಕಿದ್ದು ಹೇಗೆ ಅಂತ ಬಂದಿದ್ದ ಅಧಿಕಾರಿಗಳು ಪುಸ್ತಕದ ಫೋಟೋ ತೆಗೆದುಕೊಂಡು ಹೋದರು. ನನಗೆ ಹೆಮ್ಮೆಯೇ.

ಆದರೆ ನನಗೆ ಅದಕ್ಕಿಂತ ಮುಖ್ಯ ಜನರ ಜೀವ. 2018ರ ಡಿಸೆಂಬರಿನಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಜೊತೆ ಕಾಣೆಯಾದದ್ದನ್ನು ಈ ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲಲ್ಲಿ. 1554ಕ್ಕೆ ಫೋನ್ ಮಾಡಿದರೆ ಕೋಸ್ಟ್ ಗಾರ್ಡ್‌ನವರು ಕೇಳುವುದು ಎಷ್ಟು ಜನ, ಎಂದು ಹೊರಟರು, ಎಲ್ಲಿಗೆ ಅಂತ. ಹೋದ ಸೀಸನ್ ಇಂಜಿನ್ ಕೆಟ್ಟು ತೇಲುತ್ತಿದ್ದ ಬೋಟೊಂದರ ವಿಷಯದಲ್ಲಿ ಇದೆಲ್ಲ ಒಂದೇ ಫೋನಿನಲ್ಲಿ ಹೇಳಲು ಆಯಿತು. ಎಲ್ಲರೂ ಮನೆ ಸೇರಿದರು.

ಒಂದು ತೊಡಕು ಉಳಿದಿದೆ. ನಮ್ಮಲ್ಲಿ ಐಸ್ ಎತ್ತಿ ಬೇರೆ ಬಂದರಿನಲ್ಲಿ ಮೀನು ಮಾರುವ ಬೋಟುಗಳ ಲೆಕ್ಕ ಸಂಜೆ ಮುಚ್ಚುವುದಿಲ್ಲ. ಸದ್ಯಕ್ಕೆ ಅಲ್ಲಿನ ಏಜೆಂಟರಿಗೆ ಫೋನ್ ಮಾಡಿ ಕೇಳುತ್ತೇವೆ. ಅಕ್ಕಪಕ್ಕದ ಎರಡು ಬಂದರಿನವರು ಇದೇ ಪುಸ್ತಕ ಇಟ್ಟರೆ ಆ ಕೆಲಸವೂ ತಪ್ಪುತ್ತದೆ. ನಮೂನೆ ಬೇಕಾದವರು ಜೂನ್-ಜುಲೈಯ ಮೀನುಗಾರಿಕೆ ರಜೆಯಲ್ಲೇ ಬನ್ನಿ. ಆಗಸ್ಟ್ 1ಕ್ಕೆ ಬೋಟು ಇಳಿದ ಮೇಲೆ ನನಗೆ ಪುರುಸೊತ್ತಿರುವುದಿಲ್ಲ.